ಕಾನನಮಿತ್ರ ಕಾಡಿಗೆ ಹೋದದ್ದು

ಬ್ಯಾಡಗಿಯ ಶಂಭುಲಿಂಗ ಆ ಭಾನುವಾರ ಕಾಡುಪಾಲಾದದ್ದಕ್ಕೆ ಕಾರಣ ಹುಡುಕುತ್ತ ಹೋದರೆ ಕೊನೆಗೆ ಕೈಗೆ ಸಿಗುವುದು ಒಂದು ಹಲ್ಲಿ. ಶನಿವಾರ ಸಂಜೆ ಅದು ಅಡುಗೆಮನೆಯ ಜಂತಿಯಿಂದ ಜಾರಿ ಅವನ ಹೆಗಲ ಮೇಲೆ ಬಿತ್ತು. ಅವನು ಹಾರಿದ ರಭಸಕ್ಕೆ ಸಾರಿನ ಪಾತ್ರೆ ಉರುಳಿತು, ಪಕ್ಕದ ಮನೆಯ ಫಕ್ಕೀರವ್ವ ಕೈಯಲ್ಲಿದ್ದ ಸೌಟಿನ ಸಮೇತ ಓಡಿಬಂದಳು. ಹೆಂಡತಿ ಪ್ರೇಮವ್ವ ಕಸಬರಿಗೆ ಹಿಡಿದು ಹಲ್ಲಿಯನ್ನು ಹೊರಗೆ ಕಳಿಸಿದಳು. ಫಕ್ಕೀರವ್ವನನ್ನು ಕಳಿಸಲು ಇನ್ನೂ ಅರ್ಧ ತಾಸು ಹಿಡಿಯಿತು.

ಒಂಬತ್ತನೇ ಕ್ಲಾಸಿನ ಮಗಳು ಶ್ವೇತಾ ಮಾತ್ರ ಕುಳಿತಲ್ಲಿಂದ ಏಳಲಿಲ್ಲ. ಓದುತ್ತಿದ್ದ ಪುಸ್ತಕದಲ್ಲಿ ಬೆರಳಿಟ್ಟು, ಅಪ್ಪನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

"ತಾರಾ ಹೆಬ್ಬಾವಿನ ಬಾಜೂಕ ಮಲಗಿ ಬೆಳಗ ಮಾಡ್ಯಾಳ. ನಮ್ಮಪ್ಪ ಹಲ್ಲಿಗೆ ಹಿಂಗ ಕುಣೀತಾನ. ಇಂಥಾ ಮನ್ಯಾಗ ಹುಟ್ಟಿ ನಾ ಎಲ್ಲಿ ಧೈರ್ಯ ಕಲೀಲಿ?"

ಈ ಮಾತು ಶಂಭುಲಿಂಗನಿಗೆ ನಾಟಿತು. ನಾಟಲು ಕಾರಣವೂ ಇತ್ತು. ತಾರಾ ಎಂಬ ಹದಿನೈದು ವರ್ಷದ ಆ ಹುಡುಗಿಯನ್ನು ಹೆಬ್ಬಾವಿನ ಪಕ್ಕ ಮಲಗಿಸಿದವನು ಬೇರೆ ಯಾರೂ ಅಲ್ಲ, ಸ್ವತಃ ಶಂಭುಲಿಂಗ.

ಹಗಲೆಲ್ಲ ಅವನು ಬ್ಯಾಡಗಿ ಪೇಟೆಯ ಒಂದು ಅಂಗಡಿಯಲ್ಲಿ ಮೆಣಸಿನಕಾಯಿ ಆರಿಸುವವನು. ಬಣ್ಣ ನೋಡಿ, ಸುಕ್ಕು ನೋಡಿ, ಮೂಸಿ, ಇದು ಯಾವ ತರದ ಕಾಯಿ ಎಂದು ಕಣ್ಣುಮುಚ್ಚಿ ಹೇಳಬಲ್ಲ. ನಸುಕಿನಲ್ಲಿ, ಮನೆಯವರು ಏಳುವ ಮುಂಚೆ, ಅವನೇ ಕಾನನಮಿತ್ರ. ಆ ಹೆಸರಿನಲ್ಲಿ ನಾಲ್ಕು ವರ್ಷದಲ್ಲಿ ಮೂರು ಕಾದಂಬರಿ ಬರೆದಿದ್ದ. ಹಾವೇರಿಯ ಉಡಚಪ್ಪ ಎಂಬ ಪ್ರಕಾಶಕ ಅವನ್ನು ಅಚ್ಚು ಹಾಕುತ್ತಿದ್ದ. ಮೂರರಲ್ಲೂ ತಾರಾ ಒಂದಲ್ಲ ಒಂದು ಕಾಡಿನಲ್ಲಿ ಒಬ್ಬಳೇ ಸಿಕ್ಕಿಬೀಳುತ್ತಾಳೆ, ಹಸಿದು, ಒದ್ದೆಯಾಗಿ, ಕಚ್ಚಿಸಿಕೊಂಡು, ಬುದ್ಧಿ ಓಡಿಸಿ ಬದುಕಿ ಬರುತ್ತಾಳೆ. ಶಂಭುಲಿಂಗ ಮಾತ್ರ ಜನ್ಮದಲ್ಲಿ ಕಾಡು ಕಂಡವನಲ್ಲ. ಅದಕ್ಕೇ ಉಡಚಪ್ಪ ಮೊದಲೇ ಎಚ್ಚರಿಸಿದ್ದ: "ನಿಮ್ಮ ಹೆಸರು ಹೊರಗ ಬೀಳಬಾರ್ದ್ರಿ ಶಂಭಣ್ಣ. ಮೆಣಸಿನಕಾಯಿ ಆರಸಾಂವ ಬರದಾನ ಅಂದ್ರ ಹುಲಿ ಸೈತ ನಗ್ತಾವು."

ಹೆಸರು ಬೀಳಲಿಲ್ಲ, ಆದರೆ ಪುಸ್ತಕ ಎದ್ದುಬಿಟ್ಟಿತು. ಒಂದು ಪ್ರತಿ ಮೂವತ್ತು ಹುಡುಗಿಯರ ಕೈ ದಾಟಿ, ರಟ್ಟು ಕಳಚಿ, ದಾರ ಹಾಕಿ ಹೊಲಿಸಿಕೊಂಡು ತಿರುಗುತ್ತಿತ್ತು. ಒಮ್ಮೆ ಗುತ್ತಲದ ಬಸ್ಸಿನಲ್ಲಿ ಅವನ ಎದುರಿಗೇ ಒಬ್ಬ ಹುಡುಗಿ ಕಿಟಕಿಗೆ ಆತು ಅವನ ಪುಸ್ತಕ ಓದುತ್ತಿದ್ದಳು. ಅವಳ ಊರು ಬಂತು, ಹೋಯಿತು. ಕಂಡಕ್ಟರ್ ಬೈದದ್ದೂ ಅವಳಿಗೆ ಕೇಳಲಿಲ್ಲ, ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು. ಶಂಭುಲಿಂಗ ಆವತ್ತು ಬಸ್ಸಿಳಿದ ಮೇಲೂ ಅವಳ ಕಿಟಕಿಯನ್ನೇ ನೋಡುತ್ತ ನಿಂತ. ತಾನು ಬರೆದ ಅಕ್ಷರಕ್ಕೆ ಒಂದು ಜೀವವನ್ನು ಹೀಗೆ ಎತ್ತಿಕೊಂಡು ಹೋಗುವ ಶಕ್ತಿ ಎಲ್ಲಿಂದ ಬಂತು ಎಂಬುದು ಅವನಿಗೇ ತಿಳಿಯಲಿಲ್ಲ.

ಇಂಥವನನ್ನು ಸ್ವಂತ ಮಗಳು ಹಲ್ಲಿಯ ಲೆಕ್ಕದಲ್ಲಿ ಅಳೆದಳು. ಸಾಕು, ಹೇಳಿಬಿಡುವುದೇ ಎಂದು ನಿರ್ಧರಿಸಿದ. ಮರುದಿನವೇ ಅವಕಾಶವೂ ಇತ್ತು. ಶ್ವೇತಾ ಮತ್ತು ಅವಳ ಗೆಳತಿಯರು ಹನ್ನೆರಡು ಮಂದಿ ‘ತಾರಾ ಬಳಗ’ ಎಂದು ಕಟ್ಟಿಕೊಂಡಿದ್ದರು. ಅವರ ಕನ್ನಡದ ಸುಧಾರಾಣಿ ಅಕ್ಕೋರು ಅವರನ್ನು ರಾಣೇಬೆನ್ನೂರಿನ ಕೃಷ್ಣಮೃಗಗಳ ಅಭಯಾರಣ್ಯದ ಅಂಚಿಗೆ ಒಂದು ದಿನ ಕರೆದೊಯ್ಯುವವರಿದ್ದರು. ದೊಡ್ಡವರೊಬ್ಬರು ಜೊತೆಗೆ ಬೇಕಿತ್ತು.

"ನಾ ಬರ್ತೇನಿ," ಎಂದ ಶಂಭುಲಿಂಗ.

ಪ್ರೇಮವ್ವ ಒರಳಿನಿಂದ ತಲೆಯೆತ್ತಿದಳು. "ನೀವು? ಅಡವಿಗೆ?"

"ಯಾಕ, ನನಗ ಕಾಲಿಲ್ಲೇನು?"

ಅವನ ಯೋಜನೆ ಸರಳವಾಗಿತ್ತು. ನಾಷ್ಟಾ ಆದ ಮೇಲೆ ಮರದ ಕೆಳಗೆ ಎದ್ದು ನಿಂತು, ‘ನಾನೇ ಕಾನನಮಿತ್ರ’ ಎನ್ನುವುದು. ಹನ್ನೆರಡು ಬಾಯಿ ತೆರೆದುಕೊಳ್ಳುವುದನ್ನು ನೋಡುವುದು. ಅದರಲ್ಲೂ ಒಂದು ಬಾಯಿಯನ್ನು ಚೆನ್ನಾಗಿ ನೋಡುವುದು.

ನಸುಕಿಗೇ ಟೆಂಪೊ ಹೊರಟಿತು. ಪುಷ್ಯದ ಚಳಿ, ಹೆದ್ದಾರಿಯ ಮೇಲೆ ಮಂಜು. ಮೋಟೆಬೆನ್ನೂರು ದಾಟುವ ಹೊತ್ತಿಗೆ ಸುಧಾರಾಣಿ ಅಕ್ಕೋರು ಎಲ್ಲರ ಫೋನನ್ನೂ ಚೀಲಕ್ಕೆ ಹಾಕಿಸಿಕೊಂಡರು. "ತಾರಾನ ಹತ್ರ ಫೋನ್ ಇರ್ಲಿಲ್ಲ. ನಿಮ್ಮದೂ ಕೊಡ್ರಿ ಶಂಭುಲಿಂಗ ಅವರ," ಎಂದರು. ಅವನು ಕೊಟ್ಟ. ಪಕ್ಕದಲ್ಲಿ ಕುಳಿತ ಹೀನಾ, ಮಗಳ ಜೀವದ ಗೆಳತಿ, ಮಡಿಲಲ್ಲಿ ದಪ್ಪ ನೋಟುಬುಕ್ಕು ಇಟ್ಟುಕೊಂಡಿದ್ದಳು. ಅವಳನ್ನು ಮೆಲ್ಲಗೆ ಕೇಳಿದ:

"ಆ ಪುಸ್ತಕದಾಗ ಅಂಥಾದ್ದು ಏನೈತವ್ವಾ? ಕಾಡು, ಹಸಿವಿ, ಹಾವು. ಅಂಜಿಕಿ ಬರಂಗಿಲ್ಲೇನು?"

"ಬರ್ತೈತ್ರಿ ಕಾಕಾ. ಅದಕ್ಕ ಓದೋದು," ಎಂದಳು ಹೀನಾ. ಸ್ವಲ್ಪ ಯೋಚಿಸಿದಳು. "ಇನ್ನೊಂದ್ ಏನಂದ್ರ, ತಾರಾಗ ‘ಎಲ್ಲಿ ಹೊಂಟೀ, ಯಾರ ಜೋಡಿ ಹೊಂಟೀ, ಎಷ್ಟೊತ್ತಿಗೆ ಬರ್ತೀ’ ಅಂತ ಕೇಳಾವ್ರು ಯಾರೂ ಇಲ್ರಿ. ಹಸಿವ್ಯಾದ್ರ ಅಕಿನ ಊಟಾ ಹುಡಿಕ್ಕೋಬೇಕು. ದಾರಿ ತಪ್ಪಿದ್ರ ಅಕಿನ ತಿದ್ದಕೋಬೇಕು. ಅಕಿ ತಪ್ಪು ಮಾಡಿದ್ರ ಮುಂದಿನ ಮನಿಯಾಕಿ ಬಂದು ಅವ್ವಗ ಹೇಳಂಗಿಲ್ಲ. ಓದಾಕತ್ತಾಗ ನಾನೂ ಅಕಿನ."

ಶಂಭುಲಿಂಗ ಬೆರಗಾಗಿ ಕುಳಿತ. ಏಳುನೂರು ಪುಟ ಬರೆದವನಿಗೆ ಈ ಮಾತು ಒಮ್ಮೆಯೂ ಹೊಳೆದಿರಲಿಲ್ಲ. ಅವನು ಹಾವಿನ ಬಗ್ಗೆ ಬರೆಯುತ್ತಿದ್ದೇನೆ ಎಂದುಕೊಂಡಿದ್ದ. ಅವರು ಫಕ್ಕೀರವ್ವ ಇಲ್ಲದ ಊರಿನ ಬಗ್ಗೆ ಓದುತ್ತಿದ್ದರು.

ಕಾಡಿನ ಅಂಚಿನಲ್ಲಿ ಟೆಂಪೊ ನಿಂತಾಗ ಸೂರ್ಯ ಇನ್ನೂ ಮೂಡಿರಲಿಲ್ಲ. ಹುಡುಗಿಯರು ಕಲ್ಲು ಹೂಡಿ ಒಲೆ ಮಾಡತೊಡಗಿದರು. ಶಂಭುಲಿಂಗ ತನ್ನ ಭಾಷಣವನ್ನು ಒಮ್ಮೆ ಅಂದು ನೋಡಬೇಕೆಂದು ನೀಲಗಿರಿ ಮರಗಳ ನಡುವೆ ನಡೆದ. ‘ಮಕ್ಕಳೇ, ನಿಮ್ಮ ಪ್ರೀತಿಯ ಲೇಖಕ ದೂರದಲ್ಲೆಲ್ಲೂ ಇಲ್ಲ’ ಎಂಬಲ್ಲಿಗೆ ಬಂದ. ಅಲ್ಲಿ ಧ್ವನಿ ಸ್ವಲ್ಪ ನಡುಗಬೇಕು. ನಡುಗಿಸಿ ನೋಡಿದ. ಇನ್ನೂ ಚೆನ್ನಾಗಿ ನಡುಗಲಿ ಎಂದು ಇನ್ನಷ್ಟು ದೂರ ನಡೆದ. ಮೂರನೆಯ ಸಲ ಬಹಳ ಸೊಗಸಾಗಿ ಬಂತು. ತೃಪ್ತಿಯಿಂದ ತಿರುಗಿ ನೋಡಿದರೆ ಹಿಂದೆಯೂ ನೀಲಗಿರಿ, ಮುಂದೆಯೂ ನೀಲಗಿರಿ, ಎಡಬಲಕ್ಕೂ ಅದೇ. ಎಲ್ಲವೂ ಒಂದೇ ದಪ್ಪ, ಒಂದೇ ಎತ್ತರ, ಒಂದೇ ಸಾಲು.

ಕೂಗಬಹುದಿತ್ತು. ಆದರೆ ಲೇಖಕನೆಂದು ಹೇಳಿಕೊಳ್ಳುವ ಮೊದಲೇ ‘ಕಳೆದುಹೋಗಿದ್ದೇನೆ, ಬರ್ರಿ’ ಎಂದು ಕೂಗುವುದು ಹೇಗೆ? ತಾರಾಳನ್ನು ಇದಕ್ಕಿಂತ ದೊಡ್ಡ ಆಪತ್ತಿನಿಂದ ಪಾರು ಮಾಡಿದವನು ತಾನು. ತನ್ನನ್ನು ಪಾರು ಮಾಡಿಕೊಳ್ಳಲಾರೆನೇ?

ಮೊದಲ ಪುಸ್ತಕದಲ್ಲಿ ತಾರಾ ಮರದ ಪಾಚಿ ನೋಡಿ ಉತ್ತರ ದಿಕ್ಕು ಹಿಡಿದಿದ್ದಳು. ಶಂಭುಲಿಂಗ ಹನ್ನೊಂದು ಮರ ಸುತ್ತಿದ. ರಾಣೇಬೆನ್ನೂರಿನ ಒಣ ನೆಲದಲ್ಲಿ ಪಾಚಿ ಎಲ್ಲಿಂದ ಬರಬೇಕು? ಎರಡನೆಯದರಲ್ಲಿ ಅವಳು ಮರ ಹತ್ತಿ ದಾರಿ ಕಂಡಿದ್ದಳು. ಶಂಭುಲಿಂಗ ಹತ್ತಿದ. ನೀಲಗಿರಿಗೆ ಕೈಗೆಟುಕುವಂತೆ ಒಂದು ಟೊಂಗೆಯೂ ಇರುವುದಿಲ್ಲ ಎಂಬುದು ಆರಡಿ ಮೇಲೆ ಹೋದ ಮೇಲೆ ತಿಳಿಯಿತು. ಇಳಿಯುವ ಕಷ್ಟವನ್ನು ಮರವೇ ತಪ್ಪಿಸಿತು. ಅಷ್ಟರಲ್ಲಿ ಸೂರ್ಯ ಮೂಡಿದ, ಪೂರ್ವ ಯಾವುದೆಂದು ಖಚಿತವಾಯಿತು. ಟೆಂಪೊ ಪೂರ್ವಕ್ಕಿತ್ತೋ ಪಶ್ಚಿಮಕ್ಕಿತ್ತೋ ಎಂಬುದನ್ನು ಸೂರ್ಯ ಹೇಳಲಿಲ್ಲ.

ಇನ್ನು ಉಳಿದದ್ದು ನೀರು. ಬಾಯಾರಿಕೆ ಅಷ್ಟೇನೂ ಆಗಿರಲಿಲ್ಲ, ಆದರೆ ‘ಮೊದಲು ನೀರು, ಆಮೇಲೆ ದಾರಿ’ ಎಂದು ಅವನೇ ಬರೆದಿದ್ದ. ಮೂರನೆಯ ಪುಸ್ತಕದಲ್ಲಿ ತಾರಾ ಕಾಲಿಗೆ ಬಟ್ಟೆ ಸುತ್ತಿಕೊಂಡು ಇಬ್ಬನಿಯ ಹುಲ್ಲಿನಲ್ಲಿ ನಡೆದು, ಅದನ್ನು ಹಿಂಡಿ ಕುಡಿಯುತ್ತಾಳೆ. ಇಬ್ಬನಿ ಬೇಕಾದಷ್ಟಿತ್ತು. ಶಂಭುಲಿಂಗ ಹೆಗಲ ಮೇಲಿನ ಟವೆಲನ್ನು ಕಾಲಿಗೆ ಸುತ್ತಿ ಹುಲ್ಲಿನಲ್ಲಿ ಅಡ್ಡಾಡಿದ. ಟವೆಲು ನೆನೆದು ಭಾರವಾಯಿತು. ಅವನಿಗೆ ರೋಮಾಂಚನವಾಯಿತು. ತಾನು ಕಲ್ಪಿಸಿ ಬರೆದದ್ದು ಖರೆ. ತಲೆ ಮೇಲೆತ್ತಿ, ಬಾಯಿ ತೆರೆದು, ಹಿಂಡಿದ.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಲೋಕಕ್ಕೆಲ್ಲ ಗೊತ್ತು. ಬ್ಯಾಡಗಿಯವರಿಗೆ ಹೆಗಲ ಮೇಲಿನ ಟವೆಲಿನಲ್ಲಿ ಮೆಣಸಿನಕಾಯಿಯ ಧೂಳು ಇರುವುದು ಮೈಯ ವಾಸನೆಯಷ್ಟೇ ಸಹಜ, ಅದು ಅವರ ಮೂಗಿಗೂ ತಾಗುವುದಿಲ್ಲ. ಆದರೆ ಶನಿವಾರ ಅಂಗಡಿಯಲ್ಲಿ ಇಳಿಸಿದ್ದು ಗುಂಟೂರು ಕಾಯಿಯ ಚೀಲ. ಇಬ್ಬನಿಯಲ್ಲಿ ಆರು ದಿನದ ಬ್ಯಾಡಗಿಯ ಬಣ್ಣವೂ ಒಂದು ದಿನದ ಗುಂಟೂರಿನ ಖಾರವೂ ಕೂಡಿ ಅವನ ಗಂಟಲಿಗೆ ಇಳಿದವು.

ಶಂಭುಲಿಂಗ ಕುಣಿದ. ಹಲ್ಲಿಗೆ ಕುಣಿದದ್ದು ಇದರ ಮುಂದೆ ಏನೇನೂ ಅಲ್ಲ. ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಂಡ, ಅದೇ ಟವೆಲಿನಿಂದ.

ಎಷ್ಟು ಹೊತ್ತು ಕಳೆಯಿತೋ, ಕಣ್ಣು ಸ್ವಲ್ಪ ತೆರೆದಾಗ ಎದುರಿಗೆ ಏನೋ ನಿಂತಿತ್ತು. ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಿರುಚಿದ ಉದ್ದ ಕೊಂಬು. ಅದರ ಹಿಂದೆ ಇಪ್ಪತ್ತು, ಮೂವತ್ತು. ಯಾವುದೂ ಕದಲಲಿಲ್ಲ. ಆಮೇಲೆ ಒಂದು ಎಗರಿತು, ಅದರ ಹಿಂದೆ ಇನ್ನೊಂದು, ನೆಲಕ್ಕೂ ತಮಗೂ ಸಂಬಂಧವೇ ಇಲ್ಲವೆಂಬಂತೆ ಇಡೀ ಹಿಂಡು ಎಳೆಬಿಸಿಲಿನಲ್ಲಿ ತೇಲಿಹೋಯಿತು. ಸಪ್ಪಳ ಕೂಡ ಆಗಲಿಲ್ಲ. ಶಂಭುಲಿಂಗ ಖಾರವನ್ನು ಮರೆತ, ಭಾಷಣವನ್ನು ಮರೆತ, ಮೊಣಕಾಲೂರಿ ಕುಳಿತುಬಿಟ್ಟ. ಮೂರು ಪುಸ್ತಕದಲ್ಲಿ ಎಷ್ಟೋ ಪ್ರಾಣಿಗಳನ್ನು ಓಡಿಸಿದ್ದ, ಒಂದನ್ನೂ ಹೀಗೆ ಓಡಿಸಿರಲಿಲ್ಲ. ತಾನು ಬರೆದದ್ದೆಲ್ಲ ಎಷ್ಟು ಬಡವಾದದ್ದು ಎಂದು ಅವನಿಗೆ ಅಳು ಬಂತು. ಆ ಅಳುವಿನಲ್ಲಿ ಸುಖವೂ ಇತ್ತು.

ಕುರಿ ಮೇಯಿಸುತ್ತಿದ್ದ ಬೀರವ್ವ ಎಂಬ ಹೆಂಗಸು ಅವನನ್ನು ಕಂಡದ್ದು ಈ ಸ್ಥಿತಿಯಲ್ಲಿ. ಬಾಯಿಂದ ಎದೆಯವರೆಗೆ ಬಿಳಿ ಅಂಗಿಯ ಮೇಲೆ ಕೆಂಪು ಇಳಿದಿದೆ, ಕಣ್ಣು ಕೆಂಡವಾಗಿವೆ, ಮಾತು ಹೊರಡುತ್ತಿಲ್ಲ. ಅವಳು ಇನ್ನೇನು ತಿಳಿದಾಳು?

"ಯಪ್ಪಾ, ಚಿರತಿ ಕುತಗಿಗೆ ಬಾಯಿ ಹಾಕೇತಿ," ಎಂದವಳೇ ತನ್ನವರನ್ನು ಕೂಗಿದಳು.

ಶಂಭುಲಿಂಗ ಕೈಯಾಡಿಸಿ ಅಲ್ಲ, ಅಲ್ಲ ಎಂದ. "ಅಲ್ನೋಡ್ರಿ, ಆ ಕಡಿಗೆ ಹೋತಂತ," ಎಂದು ಬೀರವ್ವ ಅರ್ಥ ಹೇಳಿದಳು. ಅವನು ಟವೆಲು ತೋರಿಸಿದ. "ರಕ್ತ ಒರಸ್ಕೊಂಡಾನ, ಪಾಪ," ಎಂದಳು. ಕುರುಬರು ನಾಲ್ವರು ಓಡಿಬಂದು ಅವನನ್ನು ಕಂಬಳಿಯ ಮೇಲೆ ಮಲಗಿಸಿ ಎತ್ತಿದರು. ಒಬ್ಬ ಅವನ ಕಿಸೆಯಲ್ಲಿದ್ದ ಬ್ಯಾಡಗಿ ಅಂಗಡಿಯ ಚೀಟಿ ನೋಡಿ, ನಡೆಯುತ್ತಲೇ ಫೋನು ಹಚ್ಚಿದ. ಸುದ್ದಿ ಅಲ್ಲಿಂದ ರಾಣೇಬೆನ್ನೂರಿಗೆ, ರಾಣೇಬೆನ್ನೂರಿನಿಂದ ಬ್ಯಾಡಗಿಗೆ ಹೋಗಲು ಕಾಲು ತಾಸು ಸಾಕಾಯಿತು.

ಕಂಬಳಿಯ ಪಯಣ ಮಾತ್ರ ಐದು ನಿಮಿಷವೂ ಹಿಡಿಯಲಿಲ್ಲ. ಇನ್ನೂರು ಹೆಜ್ಜೆ ಹೋದದ್ದೇ ಮರಗಳು ಮುಗಿದವು, ಟೆಂಪೊ ನಿಂತಿತ್ತು, ಕಲ್ಲಿನ ಒಲೆಯ ಮೇಲೆ ಉಪ್ಪಿಟ್ಟು ಬೇಯುತ್ತಿತ್ತು. ಶಂಭುಲಿಂಗ ಮುಂಜಾನೆಯೆಲ್ಲ ಉಪ್ಪಿಟ್ಟಿನ ಸುತ್ತ ಪ್ರದಕ್ಷಿಣೆ ಹಾಕಿದ್ದ.

ಸುಧಾರಾಣಿ ಅಕ್ಕೋರು ಬೀರವ್ವನಿಗೆ ಸಮಾಧಾನ ಹೇಳಿ, ಟವೆಲು ಮೂಸಲು ಕೊಟ್ಟರು. ಅವಳು ಮೂರು ಸಲ ಸೀನಿ, ಕುರುಬರ ಜೊತೆ ಉಪ್ಪಿಟ್ಟು ತಿಂದು, ನಗುತ್ತ ಹೋದಳು. ಅಷ್ಟರಲ್ಲಿ ಚೀಲದಲ್ಲಿದ್ದ ಶಂಭುಲಿಂಗನ ಫೋನು ರಿಂಗಣಿಸತೊಡಗಿತು. ಪ್ರೇಮವ್ವ.

"ಹೆಂಗದೀರಿ? ಇಲ್ಲಿ ಫಕ್ಕೀರವ್ವ ಓಣಿ ಮಂದಿನ್ನೆಲ್ಲಾ ಕಟ್ಟಿ ಮ್ಯಾಲ ಕುಂದ್ರಿಸಿ ಅಳಸಾಕತ್ತಾಳ. ನಿಮ್ಮನ್ನ ಚಿರತಿ ತಿಂತಂತ."

"ತಿಂದಿಲ್ಲ," ಎಂದ ಗಂಟಲು ಕಿತ್ತುಕೊಂಡು.

"ನಾನೂ ಅದನ್ನ ಹೇಳಿದೆ. ನಮ್ಮನಿಯವರು ಅದನ್ನ ಅಷ್ಟ ಹತ್ರ ಬಿಟಗೊಳ್ಳಾವ್ರಲ್ಲ, ಅಂದೆ. ಲಗೂನ ಬರ್ರಿ, ಈ ಮಂದಿಗೆ ಚಾ ಮಾಡಿ ಸಾಕಾಗೈತಿ."

ಶಂಭುಲಿಂಗ ಫೋನಿಟ್ಟ. ಹನ್ನೆರಡೂ ಹುಡುಗಿಯರು ಸುತ್ತ ನಿಂತಿದ್ದರು. ಮರ್ಯಾದೆ ಹೋಗುವಷ್ಟು ಹೋಗಿತ್ತು, ಇನ್ನು ಉಳಿದದ್ದು ಒಂದೇ. ಕೆಂಪು ಅಂಗಿಯಲ್ಲೇ ಎದ್ದು ನಿಂತ. ಭಾಷಣ ಒಂದೂ ನೆನಪಿಗೆ ಬರಲಿಲ್ಲ. ಧ್ವನಿ ಮಾತ್ರ ತಾನಾಗಿಯೇ ನಡುಗಿತು.

"ಕಾನನಮಿತ್ರ ಅಂದ್ರ ನಾನ."

ಒಂದು ಬಾಯಿಯೂ ತೆರೆಯಲಿಲ್ಲ.

"ಗೊತ್ತೈತ್ರಿ ಕಾಕಾ," ಎಂದಳು ಹೀನಾ.

"ಮೊದಲ್ನೇದ್ದು ಅಚ್ಚಾಗೋ ಮೊದಲ ನಾ ಓದೇನಿ," ಎಂದಳು ಶ್ವೇತಾ. "ನೀ ಬರ್ಯೋ ಹಾಳಿ ಜ್ವಾಳದ ಚೀಲದ ಹಿಂದ ಇಡ್ತಿ. ಮುಟ್ಟಿದ್ರ ಸೀನು ಬರ್ತಾವು. ಈ ಮನ್ಯಾಗ ಮತ್ತ್ಯಾರು ಬರೀತಾರ?"

"ಹಂಗಾರ ನಿನ್ನಿ ಅಂದದ್ದು?"

"ನಿನಗ ಸಿಟ್ಟ ಬರ್ಲಿ ಅಂತ. ಸಿಟ್ಟ ಬರದ ನೀ ಮನಿ ಬಿಟ್ಟ ಹೊರಗ ಬರಾಂವಲ್ಲ." ಶ್ವೇತಾ ಹೀನಾಳ ಕಡೆ ನೋಡಿದಳು. ಹೇಳಲು ಅವಳಿಗೂ ಕಷ್ಟವಾಗುತ್ತಿತ್ತು. "ಅಪ್ಪಾ, ಈಗ ಬರ್ಯಾಕತ್ತೀಯಲ್ಲಾ, ನಾಕನೇದ್ದು. ಬಳಗದಾವ್ರೆಲ್ಲಾ ಓದಿದ್ವಿ. ತಾರಾನ್ನ ನಲವತ್ತನೇ ಪುಟದಾಗ ಹೆಲಿಕಾಪ್ಟರ್ ಬಂದು ಒಯ್ತೈತಿ. ಹೆಲಿಕಾಪ್ಟರ್, ಅಪ್ಪಾ. ಮಹೇಶ್ವರಿ ಅತ್ತಳು."

ಮಹೇಶ್ವರಿ ಎಂಬ ಸಣ್ಣ ಹುಡುಗಿ ಹಿಂದಿನಿಂದ ತಲೆಯಾಡಿಸಿದಳು.

"ನಿನಗ ಕಾಡು ಗೊತ್ತಿಲ್ಲ ಅಂತ ಆವಾಗ ಗೊತ್ತಾತು. ಒಂದ್ಸಲ ತೋರ್ಸಬೇಕಂತ ಕರಕೊಂಡ ಬಂದ್ವಿ. ಬರೇ ತೋರ್ಸಾಕ. ನೀ ನೋಡಿದ್ರ ಬಂದ ಹತ್ತು ನಿಮಿಷದಾಗ ನೀನಾಗೇ ದಾರಿ ತಪ್ಪಿದಿ. ಕರೀಬೇಕಂತ ಹೀನಾ ಬಾಯಿ ತಗದಳು. ನಾ ಬ್ಯಾಡ ಅಂದೆ."

"ನೀವು ನೋಡಾಕತ್ತಿದ್ರೇನು?"

"ಇಬ್ಬಿಬ್ಬರು ಪಾಳಿ ಮ್ಯಾಲೆ. ಕಂಡದ್ದನ್ನ ಬಂದು ಬರಕೊಂಡ್ವಿ. ಎರಡನೇ ಪುಸ್ತಕದಾಗ ನೀನ ಬರದೀಯಲ್ಲಾ, ಗಾಳಿಗೆ ಎದುರ ನಿಲ್ಲಬೇಕು, ಒಣಾ ಎಲಿ ತುಳೀಬಾರ್ದು. ಅದು ಖರೇ ಐತಿ ಅಪ್ಪಾ, ನಿನಗ ಒಟ್ಟ ಗೊತ್ತಾಗ್ಲಿಲ್ಲ."

ಶಂಭುಲಿಂಗನಿಗೆ ಸಿಟ್ಟು ಬರಬೇಕಿತ್ತು. ಬರುವಷ್ಟರಲ್ಲಿ ಹೀನಾ ನೋಟುಬುಕ್ಕು ಕೈಗಿಟ್ಟಳು. ಹನ್ನೆರಡು ಕೈಬರಹ, ಹೊಡೆದುಹಾಕಿದ ಸಾಲುಗಳು, ಅಂಚಿಗೆ ಅಂಟಿದ ಮಣ್ಣು. ‘ಒಬ್ಬ ಮನುಷ್ಯ ಮರಗಳ ನಡುವೆ ತನ್ನೊಂದಿಗೆ ತಾನೇ ಮಾತಾಡುತ್ತ ಬಂದ’ ಎಂದು ಶುರುವಾಗಿತ್ತು. ಅವನು ನಿಂತೇ ಓದತೊಡಗಿದ, ಆಮೇಲೆ ಕುಳಿತ. ಅದರಲ್ಲಿ ತಾರಾ ಪೊದೆಯ ಹಿಂದೆ ಅಡಗಿ ಆ ಮನುಷ್ಯನನ್ನು ನೋಡುತ್ತಿದ್ದಳು. ಅವನು ಮರದಿಂದ ಜಾರಿದಾಗ ಶಂಭುಲಿಂಗನ ಅಂಗೈ ಉರಿಯಿತು. ಅವನು ಟವೆಲು ಹಿಂಡಿದಾಗ ‘ಕುಡೀಬ್ಯಾಡೋ’ ಎಂದು ಬಾಯಿಂದ ಬಂದೇಬಿಟ್ಟಿತು. ಕೃಷ್ಣಮೃಗಗಳು ಬಂದ ಪುಟದಲ್ಲಿ ಮಗಳ ಕೈಬರಹವಿತ್ತು: ‘ಅವನು ಮೊಣಕಾಲೂರಿದ. ಅವನಿಗೆ ಇನ್ನು ಮನೆಗೆ ಹೋಗುವುದೇ ಬೇಕಿಲ್ಲ ಅನ್ನಿಸಿತು. ತಾರಾ ಅವನನ್ನು ಕರೆಯಲಿಲ್ಲ. ಯಾಕೆಂದರೆ ಅಂಥ ಹೊತ್ತಿನಲ್ಲಿ ಯಾರನ್ನೂ ಕರೆಯಬಾರದು.’

ಬದುಕಿ ಕುಳಿತವನು ತಾನೇ ಆಗಿದ್ದರೂ, ಆ ಮನುಷ್ಯ ಬದುಕುತ್ತಾನೋ ಇಲ್ಲವೋ ಎಂದು ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಉಪ್ಪಿಟ್ಟು ಆರಿತು. ಯಾರೋ ಏನೋ ಕೇಳಿದರು, ಕೇಳಿಸಲಿಲ್ಲ. ಕೊನೆಯ ಪುಟ ಮುಗಿಸಿ ತಲೆಯೆತ್ತಿದಾಗ, ಇದನ್ನು ಈ ಮಕ್ಕಳು ಬರೆದರೇ ಎಂಬ ಬೆರಗಿನಲ್ಲಿ ಹನ್ನೆರಡು ಮುಖಗಳನ್ನೂ ಒಂದೊಂದಾಗಿ ನೋಡಿದ. ಇಂಥದ್ದು ತನ್ನಿಂದ ಸಾಧ್ಯವಿಲ್ಲ ಎಂಬುದೂ ಅದೇ ಗಳಿಗೆಯಲ್ಲಿ ಅವನಿಗೆ ಸ್ಪಷ್ಟವಾಗಿ ತಿಳಿಯಿತು.

ಸುಧಾರಾಣಿ ಅಕ್ಕೋರ ಫೋನು ರಿಂಗಣಿಸಿತು. ಅವರು ಮುಂಜಾನೆಯಿಂದ ಹುಡುಗಿಯರು ಬರೆದಂತೆಲ್ಲ ಒಂದೊಂದೇ ಪುಟದ ಫೋಟೊ ತೆಗೆದು, ಪುಸ್ತಕದ ಹಿಂದಿನ ನಂಬರಿಗೆ ಕಳಿಸುತ್ತಿದ್ದರು. ಹಾವೇರಿಯಿಂದ ಉಡಚಪ್ಪನ ಧ್ವನಿ ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು.

"ಅಕ್ಕಾರ, ನಾಷ್ಟಾ ಬಿಟ್ಟ ಓದಾಕತ್ತೇನಿ. ನಾಕನೇ ಪುಸ್ತಕ ಇದ, ಪೂರಾ ಮಾಡ್ಲಿ. ಬರದ ಹುಡಿಗ್ಯಾರ ಹೆಸರನ್ನ ಹಾಕೂಣ. ಕಾನನಮಿತ್ರಗ ನಾ ಹೇಳ್ತೇನಿ, ಅಂವ ಆರಾಮ ಮಾಡ್ಲಿ. ಆದ್ರ ಒಂದ ಕೊರತಿ ಐತ್ರಿ. ಆ ಮನುಷ್ಯಾನ ಪಾತ್ರ ನಂಬಾಕ ಆಗವಲ್ದು. ಖಾರದ ಟವೆಲ್ ಹಿಂಡಕೊಂಡ ಕುಡೀತಾನಂದ್ರ, ಅಷ್ಟು ದಡ್ಡ ಈ ಜಿಲ್ಹಾದಾಗ ಯಾರಿದ್ದಾರ್ರಿ? ಅವನ್ನ ತಗದಬಿಡ್ರಿ."

ಫೋನು ಶ್ವೇತಾಳ ಕೈಗೆ ಬಂತು. ಅವಳು ಅಪ್ಪನನ್ನೇ ನೋಡಿದಳು. ಈಗ ಹೇಳುತ್ತಾಳೆ, ಅಂವ ನಮ್ಮಪ್ಪ ಅದಾನ್ರಿ, ಖರೇನ ಅದಾನ್ರಿ ಎಂದು ಹೇಳುತ್ತಾಳೆ ಎಂದು ಶಂಭುಲಿಂಗ ಅವಳ ತುಟಿಯನ್ನೇ ನೋಡಿದ.

"ಪೂರಾ ತಗದ್ರ ಕತಿ ಬೀಳ್ತೈತ್ರಿ," ಎಂದಳು ಶ್ವೇತಾ. "ಮೊದಲ್ನೇ ಅಧ್ಯಾಯದಾಗ ಚಿರತಿ ತಿಂತು ಅಂತ ಮಾಡಿದ್ರ ನಡೀತೈತೇನ್ರಿ?"

"ಭೇಷ್," ಎಂದ ಉಡಚಪ್ಪ.

ಅವಳು ಫೋನು ಕೆಳಗಿಟ್ಟು, ಹೊಸ ಪುಟ ತೆಗೆದು, ಅಪ್ಪನ ಎದುರಿಗೆ ಚಕ್ಕಂಬಕ್ಕಳ ಹಾಕಿ ಕುಳಿತಳು. ಉಳಿದ ಹನ್ನೊಂದು ಮಂದಿ ಒತ್ತಿಕೊಂಡು ಸುತ್ತುಗಟ್ಟಿದರು. ಒಂದು ಕಣ್ಣೂ ಮಿಟುಕಲಿಲ್ಲ. ನಾಲ್ಕು ವರ್ಷದಲ್ಲಿ ಅವನು ತನ್ನ ಓದುಗರನ್ನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ.

"ಅಪ್ಪಾ, ಚಿರತಿ ಮೈಮ್ಯಾಲ ಬೀಳೋ ಮುಂದ ನೀ ಏನು ಮಾಡಿದಿ?"

ಶಂಭುಲಿಂಗ ಉರಿಯುವ ಗಂಟಲನ್ನು ಸರಿಮಾಡಿಕೊಂಡ. "ಮೊದ್ಲ ಅದರ ಉಸಿರಿನ ವಾಸನಿ ಬಂತು. ನಾ ಅದರ ಕಣ್ಣಾಗ ಕಣ್ಣಿಟ್ಟು..."

"ಅದು ಬರದ ಮಾತಾತು," ಎಂದಳು ಶ್ವೇತಾ. "ಖರೇ ಹೇಳು."

ಅವನು ಕೆಂಪು ಅಂಗಿಯ ಗುಂಡಿ ತಿರುವಿದ.

"ನಿಮ್ಮವ್ವನ್ನ ಕೂಗಿ ಕರದೆ," ಎಂದ.

"ಹಾಂ," ಎಂದು ಶ್ವೇತಾ ಬರೆದುಕೊಂಡಳು.